‘ಒಲ್ಲೆ’ ಅಂದವರು ಯಾರು?

ಈಚೆಗೆ ನಮ್ಮ ಕವಿತೆಗಳ ಬಗ್ಗೆ ಬರೆಯುವವರಿಗೆಲ್ಲ ‘ರೆಸಿಸ್ಟೆನ್ಸ್’ ಎಂಬ ಶಬ್ದ ಸಿಕ್ಕಿಬಿಟ್ಟಿದೆ. ಸೆಮಿನಾರಿನಲ್ಲಿ ಅದೇ, ಮುನ್ನುಡಿಯಲ್ಲಿ ಅದೇ. ಕನ್ನಡವೇ ಬೇಕೆಂದವರು ‘ಪ್ರತಿರೋಧ’ ಅನ್ನುತ್ತಾರೆ. ಯಾರು, ಯಾರ ಎದುರಿಗೆ, ಯಾತಕ್ಕೆ ಎಂದು ಕೇಳಿದರೆ ಎರಡೂ ಶಬ್ದ ಬಾಯಿ ಬಿಡುವುದಿಲ್ಲ.

ಹಲಗಲಿಯನ್ನೇ ತಗೊಳ್ಳಿ. ಈಗಿನ ಬಾಗಲಕೋಟೆ ಜಿಲ್ಲೆಯ, ಆಗಿನ ಮುಧೋಳ ಸಂಸ್ಥಾನದ ಹಳ್ಳಿ. ಅಲ್ಲಿಯ ಬೇಡರು 1857ರಲ್ಲಿ ಹತಾರ ಒಪ್ಪಿಸಲಿಲ್ಲ. ಕಂಪನಿಯ ದಂಡು ಊರು ಸುಟ್ಟಿತು, ಸೆರೆಸಿಕ್ಕವರನ್ನು ಗಲ್ಲಿಗೆ ಹಾಕಿತು. ಆಳುವವರ ಇಂಗ್ಲಿಷಿನಲ್ಲಿ ಇದು ‘ರೆಬೆಲಿಯನ್’, ಅಂದರೆ ಗುನ್ನೆ. ಇಂದಿನ ವಿಮರ್ಶಕರ ಇಂಗ್ಲಿಷಿನಲ್ಲಿ ‘ರೆಸಿಸ್ಟೆನ್ಸ್’, ಅಂದರೆ ಹೊಗಳಿಕೆ. ಬೈದವರೂ ಹೊಗಳಿದವರೂ ದೂರದಲ್ಲೇ ನಿಂತಿದ್ದಾರೆ. ಲಾವಣಿ ಕಟ್ಟಿದವನು ಹಾಗಲ್ಲ. ವಿಲಾಯಿತಿಯಿಂದ ಬಂದ ಹುಕುಮನ್ನು ಮೊದಲು ಮುಂದಿಡುತ್ತಾನೆ. ಹನುಮ, ಬಾಲ, ಜಡಗ, ರಾಮ ಎಂದು ಹೆಸರು ಹಿಡಿದು ಕರೆಯುತ್ತಾನೆ. ಕಡೆಗೆ ದಂಡು ದೋಚಿದ್ದನ್ನು ಎಣಿಸುತ್ತಾನೆ: ಅರಿಷಿಣ, ಜೀರಿಗೆ, ಬೆಲ್ಲ, ಗಂಗಾಳ, ಮಂಗಳಸೂತ್ರ, ಬೀಸುವ ಕಲ್ಲು. ಬೀಸುವ ಕಲ್ಲನ್ನೂ ಬಿಡದ ಸರಕಾರ ಎಂಥಾದ್ದು ಎಂದು ಅವನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತನೇ ತರಗತಿಗೆ ಇದನ್ನು ಪಾಠ ಮಾಡಿದ ಮಾಸ್ತರರು ಎಷ್ಟು ಮಂದಿ ಈ ಪಟ್ಟಿಯ ಮುಂದೆ ನಿಂತಿದ್ದಾರೋ!

‘ಬಂಡಾಯ’ ಮಾತ್ರ ಶುದ್ಧವೇ ಎಂದು ಕೇಳಬಹುದು. ಅದಕ್ಕೂ ಮರಾಠಿ ‘ಬಂಡ’ದ ನೆಂಟಸ್ತಿಕೆಯಿದೆ. ಆದರೆ ಅದು ಆಪಾದನೆಯಾಗಿದ್ದ ಶಬ್ದ; 1979ರಲ್ಲಿ ಲೇಖಕರು ಬೇಕೆಂದೇ ಅದನ್ನು ಹೆಸರಾಗಿ ಇಟ್ಟುಕೊಂಡರು. ಮರುವರ್ಷ ನರಗುಂದ, ನವಲಗುಂದದ ರೈತರಿಗೂ ಅದೇ ಹೆಸರು ಬಂತು.

ನಮ್ಮ ಬಾದಾಮಿ, ಹುನಗುಂದ, ಇಳಕಲ್ಲಿನ ಓಣಿಗಳಲ್ಲಿ ಬೇರೆ ಮಾತಿದೆ: ಒಲ್ಲೆ. ‘ಸತ್ತ ದನ ಎಳಿಯಾಕ ಒಲ್ಲೆ.’ ‘ಹಲಗಿ ಬಾರಸಾಕ ಒಲ್ಲೆವು.’ ‘ಮುತ್ತು ಕಟ್ಟಿಸ್ಕೊಳ್ಳಾಕ ಒಲ್ಲೆ.’ ದೇವದಾಸಿ ಬಿಡುವುದನ್ನು ನಿಷೇಧಿಸಿದ ಕಾಯಿದೆ 1982ರದು; ಹುಡುಗಿಯ ಬಾಯಿಂದ ಈ ಮಾತು ಬರದಿದ್ದರೆ ಆ ಕಾಯಿದೆ ಕಪಾಟಿನಲ್ಲೇ ಮಲಗುತ್ತದೆ. ಒಲ್ಲೆ, ಒಲ್ಲೆವು, ಒಲ್ಲಳು: ಅಂದವರು ಯಾರೆಂಬುದು ಆ ಪದದ ಬಾಲದಲ್ಲೇ ಇದೆ. ಅಡಗಿಕೊಳ್ಳಲು ಜಾಗವಿಲ್ಲ.

ಒಲ್ಲೆ ಅಂದ ಮರುದಿನ ಬರುವುದು ‘ಬೈಕಾಟ್’. ಇದೂ ಇಂಗ್ಲಿಷಿನ ಪ್ರತಿಭಟನೆಯ ಶಬ್ದವೇ. 1880ರಲ್ಲಿ ಐರ್ಲೆಂಡಿನ ಗೇಣಿದಾರರು ಜಮೀನ್ದಾರನ ಏಜೆಂಟ್ ಬಾಯ್ಕಾಟ್ ಎಂಬವನ ಹೊಲ ಕೊಯ್ಯಲಿಲ್ಲ, ಅವನ ಕೂಡ ಮಾತಾಡಲಿಲ್ಲ. ಅವನ ಹೆಸರೇ ಶಬ್ದವಾಯಿತು. ಅಲ್ಲಿ ಇಲ್ಲದವರು ಇದ್ದವರಿಗೆ ಮಾಡಿದ್ದನ್ನು ಇಲ್ಲಿ ಹೊಲವಿದ್ದವರು ಕೂಲಿಯವರಿಗೆ ಮಾಡುತ್ತಾರೆ: ಗಿರಣಿ ಬಂದ್, ಕಿರಾಣಿ ಬಂದ್, ಕೂಲಿ ಬಂದ್. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ಆದ ತಿದ್ದುಪಡಿ ಇಂಥ ಬಹಿಷ್ಕಾರವನ್ನು ಅಪರಾಧವೆಂದು ಹೆಸರಿಸಿದೆ. ಠಾಣೆಯಲ್ಲಿ ಫಿರ್ಯಾದಿ ಬರೆಸುವವನು ಅಲ್ಲಿ ‘ರೆಸಿಸ್ಟೆನ್ಸ್’ ಅಂದರೆ ನಡೆಯುವುದಿಲ್ಲ. ಯಾವ ಗಿರಣಿ, ಯಾವ ದಿನ, ಜ್ವಾಳ ಬೀಸಿಕೊಡಾಕ ಒಲ್ಲೆ ಅಂದವರು ಯಾರು, ಹೇಳಬೇಕು.