ಒರೆಗಲ್ಲು ಮತ್ತು ಉಪಕರಣ: ರಾಸಾಯನಿಕ ವಿಶ್ಲೇಷಣೆಯ ಬೋಧನಾಕ್ರಮ

ಪದವಿ ತರಗತಿಗಳ ರಸಾಯನಶಾಸ್ತ್ರ ಪಠ್ಯಗಳು ಉಪಕರಣಾಧಾರಿತ ವಿಶ್ಲೇಷಣೆಯನ್ನು ಸಾಮಾನ್ಯವಾಗಿ ಬಿಯರ್-ಲ್ಯಾಂಬರ್ಟ್ ನಿಯಮದಿಂದ ಆರಂಭಿಸಿ, ಉಪಕರಣದ ಭಾಗಗಳ ವಿವರಣೆಯಲ್ಲಿ ಮುಗಿಸುತ್ತವೆ. ಅಳತೆಯೆಂದರೆ ತಿಳಿದುದರೊಡನೆ ತಿಳಿಯದುದರ ಹೋಲಿಕೆ ಎಂಬ ಮೂಲತತ್ತ್ವ ಈ ಕ್ರಮದಲ್ಲಿ ಹಿಂದೆ ಸರಿಯುತ್ತದೆ.

ಅಕ್ಕಸಾಲಿಗರ ಒರೆಗಲ್ಲು ಆ ತತ್ತ್ವವನ್ನು ಕಣ್ಣಿಗೆ ಕಾಣಿಸುತ್ತದೆ. ಒಡವೆಯ ಗೆರೆಯ ಪಕ್ಕದಲ್ಲಿ ಮಟ್ಟ ತಿಳಿದ ಚಿನ್ನದ ಗೆರೆಯನ್ನೆಳೆದು, ಆಮ್ಲ ಸವರಿ, ಎರಡನ್ನೂ ತಾಳೆ ನೋಡಲಾಗುತ್ತದೆ. ಚಿನ್ನವನ್ನು ಪರೀಕ್ಷಿಸುವ ಎಕ್ಸ್-ಕಿರಣ ಪ್ರತಿದೀಪ್ತಿ ಉಪಕರಣವೂ ಪ್ರಮಾಣಿತ ಮಾದರಿಗಳೊಡನೆ ತಾಳೆಗೊಂಡ ಬಳಿಕವೇ ನಂಬಲರ್ಹ ಅಂಕಿಯನ್ನು ನೀಡುತ್ತದೆ. ಮಿತಿಯಲ್ಲಿಯೂ ಇವೆರಡಕ್ಕೆ ಸಾಮ್ಯವಿದೆ: ಎರಡೂ ಓದುವುದು ಮೇಲ್ಪದರವನ್ನೇ. ದಪ್ಪ ಚಿನ್ನದ ಲೇಪವುಳ್ಳ ಒಡವೆ ಎರಡನ್ನೂ ವಂಚಿಸಬಲ್ಲದು. ಭಾರತದಲ್ಲಿ 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯಗೊಂಡ ಹಾಲ್‌ಮಾರ್ಕ್ ವ್ಯವಸ್ಥೆಯಲ್ಲಿ ಈ ಉಪಕರಣ ಮೊದಲ ಜರಡಿ ಮಾತ್ರ. ಶುದ್ಧತೆಯ ನಿರ್ಣಯ, ಬೆಳ್ಳಿ ಸೇರಿಸಿ ಸೀಸದೊಡನೆ ಪುಟಕ್ಕಿಟ್ಟು, ನೈಟ್ರಿಕ್ ಆಮ್ಲದಿಂದ ಬೆಳ್ಳಿಯನ್ನು ಕಳೆದು, ಉಳಿದ ಚಿನ್ನವನ್ನು ತೂಗುವ ಪ್ರಾಚೀನ ವಿಧಾನದ್ದು.

ಒರೆಗಲ್ಲನ್ನು ವೈಭವೀಕರಿಸಬೇಕಿಲ್ಲ. ಅದರ ತೀರ್ಪು ಪಳಗಿದ ಕಣ್ಣಿನದು. ಉಪಕರಣವು ತಾಮ್ರ, ಬೆಳ್ಳಿ, ಸತುಗಳ ಪಾಲನ್ನೂ ಬೇರೆಬೇರೆಯಾಗಿ ಹೇಳಬಲ್ಲದು. ಆದರೆ ತಾಳೆಯ ಮಾದರಿ ಯಾವುದು, ಮೇಲ್ಪದರದ ಕೆಳಗೇನಿದೆ ಎಂದು ಕೇಳಲು ಕಲಿಸದ ಪಠ್ಯವು ಉಪಕರಣ ನಡೆಸುವವರನ್ನು ರೂಪಿಸೀತೇ ಹೊರತು ವಿಶ್ಲೇಷಕರನ್ನಲ್ಲ.