ಹಾರಿದ ದಾರಿಗೊಂದು ಟೀಕು

ಮೂಲ: ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರ, 13,993 ಕಿ.ಮೀ., 17 ಗಂಟೆ.

2021ರ ಜನವರಿಯಲ್ಲಿ ಏರ್ ಇಂಡಿಯಾದ ಬೋಯಿಂಗ್ 777 ಈ ದಾರಿಯನ್ನು ಮೊದಲ ಸಲ ಹಾರಿತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಜೊತೆಗಾರ್ತಿಯರು, ಪೈಲಟ್‌ಗಳೆಲ್ಲ ಹೆಂಗಸರೇ.

‘ಸ್ಯಾನ್ ಫ್ರಾನ್ಸಿಸ್ಕೊದಿಂದ’ ಎಂಬುದು ಪಂಚಮಿ, ಅಗಲಿಕೆಯ ವಿಭಕ್ತಿ. ಹಳಗನ್ನಡದಲ್ಲಿ ಇದರ ಪ್ರತ್ಯಯ ‘ಅತ್ತಣಿಂ’, ಎಂದರೆ ಅತ್ತ ಕಡೆಯಿಂದ. ಅಮೆರಿಕದ ಪಡುಗಡಲ ತಡಿಗೆ ಇದಕ್ಕಿಂತ ಒಪ್ಪುವ ಪ್ರತ್ಯಯ ಇಲ್ಲ.

‘ಬೆಂಗಳೂರಿಗೆ’ ಎಂಬ ಚತುರ್ಥಿ ಸೇರುವ ಎಡೆಯನ್ನು ಹೇಳುತ್ತದೆ. ಆದರೆ ಮಂಡ್ಯ ಸೀಮೆಯವರಿಗೆ ಅದು ಅರ್ಧಾರ್ಥವೇ. ವಿಮಾನ ಇಳಿಯುವುದು ನಗರದ ಬಡಗಣಕ್ಕೆ, ದೇವನಹಳ್ಳಿಯ ಬಳಿ, ಅವರ ಊರಿರುವುದು ನೈರುತ್ಯಕ್ಕೆ. ಬೆಂಗಳೂರನ್ನು ಹಾಯ್ದು ಮದ್ದೂರಿಗೆ, ಮಂಡ್ಯಕ್ಕೆ ಮೈಸೂರು ದಾರಿ ಹಿಡಿಯಬೇಕು. ಮಳವಳ್ಳಿಯವರಿಗೆ ಕನಕಪುರದ ದಾರಿಯೂ ಉಂಟು.

‘ನೇರ’ಕ್ಕೆ ಎರಡರ್ಥ. ನಡುವೆ ಎಲ್ಲೂ ಇಳಿಯದ್ದು ಎಂಬುದು ಒಂದು; ಅದು ಸುಲಭ. ಡೊಂಕಿಲ್ಲದ್ದು ಎಂಬ ಇನ್ನೊಂದರಲ್ಲಿ ತೊಡಕಿದೆ. ಗೋಡೆಯ ನಕ್ಷೆಯ ಮೇಲೆ ಅಡ್ಡಗೆರೆ ಎಳೆದರೆ ದಾರಿ ಸಮುದ್ರಗಳನ್ನು ಅಡ್ಡ ಹಾಯ್ದು ಹೋಗುವಂತೆ ತೋರುತ್ತದೆ. ನಕ್ಷೆ ಚಪ್ಪಟೆ, ಭೂಮಿ ಉರುಟು. ಒಂದು ಕಲ್ಲಂಗಡಿ ಹಣ್ಣಿನ ಮೇಲೆ ಎರಡು ಚುಕ್ಕೆಯಿಟ್ಟು ದಾರವನ್ನು ಬಿಗಿಯಾಗಿ ಎಳೆಯಿರಿ: ಚುಕ್ಕೆಗಳು ತೊಟ್ಟಿನ ಕಡೆಯ ಅರ್ಧದಲ್ಲಿ ಹಣ್ಣಿನ ಆಚೆ ಈಚೆ ಬದಿಗಿದ್ದರೆ ದಾರ ನಡುವನ್ನು ಸುತ್ತುವುದಿಲ್ಲ, ತೊಟ್ಟಿನ ಪಕ್ಕದಲ್ಲೇ ಹಾಯುತ್ತದೆ. ಈ ಎರಡು ಊರುಗಳ ನಡುವೆ ಸುಮಾರು 160 ರೇಖಾಂಶಗಳ ಅಂತರವಿದೆ; ತೊಟ್ಟೆಂದರೆ ಉತ್ತರ ಧ್ರುವ. ಆದಕಾರಣ ಆ ವಿಮಾನ ಮೊದಲು ಬಡಗಣಕ್ಕೆ ಏರಿ, ಧ್ರುವವನ್ನು ದಾಟಿ, ಆಮೇಲೆ ತೆಂಕಣಕ್ಕೆ ಇಳಿಯಿತು. ಕಣ್ಣಿಗೆ ಸುತ್ತು, ಲೆಕ್ಕಕ್ಕೆ ನೇರ.

‘13,993 ಕಿ.ಮೀ.’ ಎಂಬುದು ಕೂಗಳತೆಯಲ್ಲ. ಕೂಗಳತೆ ಎಂದರೆ ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳುವಷ್ಟು ದೂರ. ಹರದಾರಿ, ಗಾವುದಗಳಿಗೂ ಇದು ಮೀರಿದ್ದು. ಬೆಂಗಳೂರಿನಿಂದ ಮಂಡ್ಯಕ್ಕೆ ಸುಮಾರು 100 ಕಿ.ಮೀ. ಎಂದಿಟ್ಟುಕೊಂಡರೆ, ಆ ದಾರಿಯನ್ನು 140 ಸಲ ಸವೆಸಿದಷ್ಟು.

‘17 ಗಂಟೆ’ಯನ್ನು ಗಳಿಗೆಯಾಗಿ ಒಡೆಯೋಣ. ಗಳಿಗೆಗೆ 24 ನಿಮಿಷ. ಒಟ್ಟು ನಲವತ್ತೆರಡೂವರೆ ಗಳಿಗೆ. ಆದರೆ ಪಂಚಾಂಗ ಬೇರೆಯೇ ಹೇಳುತ್ತದೆ: ಹೊರಟದ್ದು ಜನವರಿ 9ರ ಶನಿವಾರ ರಾತ್ರಿ, ಬಂದಿಳಿದದ್ದು 11ರ ಸೋಮವಾರ ನಸುಕಿಗೆ ಮೊದಲೇ. ಹಾಗಾದರೆ ನಡುವಿನ ಭಾನುವಾರ ಎಲ್ಲಿ? ಎರಡು ಊರುಗಳ ಗಡಿಯಾರಕ್ಕೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಯ ಅಂತರ. ಅಲ್ಲಿ ಶನಿವಾರ ರಾತ್ರಿ ಎಂಟೂವರೆ ಆದಾಗ ಮದ್ದೂರಿನಲ್ಲಿ ಭಾನುವಾರ ಬೆಳಿಗ್ಗೆ ಹತ್ತು. ತಿಂಡಿಯ ತಟ್ಟೆ ತೊಳೆದಾಗಿರುವ ಹೊತ್ತು. ಆಗ ಹೊರಟವರು ಇಳಿಯುವಾಗ ಊರಿನವರು ಮಧ್ಯಾಹ್ನದ ಊಟ, ರಾತ್ರಿಯ ಊಟ ಎರಡನ್ನೂ ಮುಗಿಸಿ ಮಲಗಿದ್ದರು.