ಆಟ ಗೆದ್ದಿದೆ, ಭಾಷೆ ಇನ್ನೂ ಕಾಯುತ್ತಿದೆ

ಐರ್ಲೆಂಡಿನಲ್ಲಿ ನೆಲೆಸಿದ ಇಂಗ್ಲಿಷರು ಸ್ಥಳೀಯರೊಡನೆ ಬೆರೆತುಹೋಗುತ್ತಿದ್ದಾರೆ ಎಂಬ ಭಯದಿಂದ 1366ರಲ್ಲಿ ಕಿಲ್ಕೆನಿ ಪಟ್ಟಣದಲ್ಲಿ ಶಾಸನವೊಂದು ಹುಟ್ಟಿತು. ಅದರ ಪ್ರಕಾರ ಇಂಗ್ಲಿಷರು ಐರಿಷ್ ಮಾತಾಡಬಾರದು, ಐರಿಷ್ ಹೆಸರು ಇಟ್ಟುಕೊಳ್ಳಬಾರದು, ಕೋಲು-ಚೆಂಡಿನ ಹರ್ಲಿಂಗ್ ಆಡಬಾರದು. ಭಾಷೆ, ಹೆಸರು, ಆಟ ಒಂದಕ್ಕೊಂದು ಹೆಣೆದುಕೊಂಡೇ ಬದುಕುತ್ತವೆ ಎಂಬುದು ಆ ಶಾಸನಕಾರರಿಗೆ ಚೆನ್ನಾಗಿ ತಿಳಿದಿತ್ತು. ಐರ್ಲೆಂಡಿನ ಸ್ಥಳೀಯ ಆಟಗಳನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್‌ (ಜಿಎಎ) ಮಾಡಿದ ಕೆಲಸವನ್ನು ಈ ಮೂರರ ಮೇಲೆಯೇ ತೂಗಿ ನೋಡಬೇಕು.

ಆಟದ ಮಟ್ಟಿಗೆ ಸಂಸ್ಥೆಯ ಗೆಲುವು ಪ್ರಶ್ನಾತೀತ. 1884ರ ನವೆಂಬರ್ 1ರಂದು ಟಿಪ್ಪರೇರಿಯ ಥರ್ಲೆಸ್ ಊರಿನ ಹೋಟೆಲೊಂದರಲ್ಲಿ ಮೈಕೆಲ್ ಕ್ಯುಸಾಕ್ ಮತ್ತು ಕೆಲವೇ ಸಂಗಡಿಗರು ಕೂಡಿ ಕಟ್ಟಿದ ಸಂಘಕ್ಕೆ ಇಂದು ಡಬ್ಲಿನ್ನಿನ ಕ್ರೋಕ್ ಪಾರ್ಕ್‌ನಂಥ, 80 ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಕ್ರೀಡಾಂಗಣವಿದೆ. ಅಲ್ಲಿ ಆಡುವವರಿಗೆ ಸಂಬಳವಿಲ್ಲ. ಶಿಕ್ಷಕರು, ರೈತರು, ವಿದ್ಯಾರ್ಥಿಗಳು ತಮ್ಮ ಊರಿಗಾಗಿ, ಕೌಂಟಿಗಾಗಿ ಆಡುತ್ತಾರೆ. 2018ರಲ್ಲಿ ಹರ್ಲಿಂಗ್ ಮತ್ತು ಅದರ ಮಹಿಳಾ ರೂಪವಾದ ಕಮೋಗಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿ ಸೇರಿದವು.

ಹೆಸರಿನ ವಿಷಯದಲ್ಲಿ ಜಿಎಎ ಮಾಡಿದ್ದು ಇನ್ನೂ ಸೂಕ್ಷ್ಮವಾದ ಕೆಲಸ. ಇಂಗ್ಲಿಷ್ ಆಡಳಿತದ ಶತಮಾನಗಳಲ್ಲಿ ಮನೆತನದ ಹೆಸರುಗಳ 'ಓ', 'ಮ್ಯಾಕ್' ಕಳಚಿಬಿದ್ದವು, ಉಳಿದದ್ದು ಇಂಗ್ಲಿಷ್ ಕಾಗುಣಿತಕ್ಕೆ ಒಗ್ಗಿತು. ಜನ ತಮ್ಮ ಹೆಸರನ್ನು ತಾವೇ ಬಿಟ್ಟುಕೊಟ್ಟರೆಂದು 1892ರ ಪ್ರಸಿದ್ಧ ಉಪನ್ಯಾಸದಲ್ಲಿ ನೊಂದು ನುಡಿದ, ಐರಿಷ್ ಭಾಷಾ ಚಳವಳಿಯ ಮುಂದಾಳು ಡಗ್ಲಸ್ ಹೈಡ್, ಅದೇ ಉಸಿರಿನಲ್ಲಿ ಜಿಎಎಯನ್ನು ಮೆಚ್ಚಿಕೊಂಡಿದ್ದರು. ಇಂದಿಗೂ ರೆಫರಿಯ ಕೈಗೆ ಕೊಡುವ ಪಟ್ಟಿಯಲ್ಲಿ ಆಟಗಾರರ ಹೆಸರು ಐರಿಷ್‌ನಲ್ಲಿರಬೇಕೆಂಬುದು ನಿಯಮ. ದಿನವೆಲ್ಲ ಮರ್ಫಿ ಆಗಿರುವ ಹುಡುಗ ಪಂದ್ಯದ ದಿನ ಓ ಮುರಖೂ ಆಗುತ್ತಾನೆ. ಹೆಣ್ಣಿನ ಹೆಸರಿಗೆ 'ಓ' ಬದಲು 'ನೀ' ಬರುವ ಹಳೆಯ ಪದ್ಧತಿಯೂ ಅಂಗಳದ ಸುತ್ತ ಉಳಿದಿದೆ. 1904ರಲ್ಲಿ ಕಮೋಗಿಯನ್ನು ಕಟ್ಟಿದವರ ಮುಂಚೂಣಿಯಲ್ಲಿದ್ದ ಮಾಯ್ರೆ ನೀ ಖಿನೇಡ ಭಾಷಾ ಚಳವಳಿಯ ಕಾರ್ಯಕರ್ತೆಯೂ ಹೌದು. ಆಟ ಮತ್ತು ನುಡಿ ಅವರಿಗೆ ಎರಡು ಬೇರೆ ಕೆಲಸಗಳಾಗಿರಲಿಲ್ಲ.

ಭಾಷೆಯ ಲೆಕ್ಕಕ್ಕೆ ಬಂದರೆ ನನ್ನ ಮೆಚ್ಚುಗೆ ಹಿಂಜರಿಯುತ್ತದೆ. ಅಖಿಲ ಐರ್ಲೆಂಡ್ ಕಪ್ ಎತ್ತಿದ ನಾಯಕ ಎರಡು ಮಾತು ಐರಿಷ್‌ನಲ್ಲಿ ಹೇಳಿ ಇಂಗ್ಲಿಷಿಗೆ ಹೊರಳುವುದು ರೂಢಿ. ಆದ್ದರಿಂದಲೇ 2005ರಲ್ಲಿ ಕಾರ್ಕ್ ತಂಡದ ಶಾನ್ ಓಗ್ ಓ ಹಾಲ್ಪೀನ್ ಇಡೀ ಭಾಷಣವನ್ನು ಐರಿಷ್‌ನಲ್ಲೇ ಮಾಡಿದ್ದು ಜನರ ನೆನಪಿನಲ್ಲಿ ಉಳಿಯಿತು. ಫಿಜಿಯಲ್ಲಿ ಹುಟ್ಟಿ, ಸಿಡ್ನಿಯಲ್ಲಿ ಬೆಳೆದು, ಬಾಲ್ಯದ ಕೊನೆಯಲ್ಲಿ ಕಾರ್ಕ್‌ಗೆ ಬಂದು ಆ ಭಾಷೆ ಕಲಿತವರು ಅವರು. ಹುಟ್ಟಿದ ನಾಡಿನ ಹಂಗಿಲ್ಲದೆ, ಕಲಿತವರೆಲ್ಲರಿಗೂ ಒಲಿಯುವ ನುಡಿ ಅದು ಎಂಬುದನ್ನು ಅವರು ತೋರಿಸಿಕೊಟ್ಟರು. ಆದರೆ ಅಂಥ ಭಾಷಣ ಅಪರೂಪವೆನಿಸಿತಲ್ಲ, ಅಲ್ಲೇ ಕೊರತೆಯಿದೆ. 2022ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಮಂದಿ ತಮಗೆ ಐರಿಷ್ ಬರುತ್ತದೆ ಎಂದರು. ಶಾಲೆಯ ಹೊರಗೆ ಅದನ್ನು ದಿನವೂ ಆಡುವವರು 72 ಸಾವಿರದಷ್ಟೂ ಇರಲಿಲ್ಲ. ಬರುವ ಭಾಷೆಗೆ ಆಡುವ ಜಾಗ ಬೇಕು. ಊರೂರಿನಲ್ಲಿ ಅಂಗಳವಿರುವ ಸಂಸ್ಥೆಯೇ ಆ ಜಾಗವನ್ನು ಕೊಡಬಲ್ಲದು.

ಆದರೆ ಜಿಎಎ ಬಹುಕಾಲ ತನ್ನ ಶ್ರಮವನ್ನು ಸುರಿದದ್ದು ಬೇಲಿ ಕಾಯುವುದಕ್ಕೆ. ಸಾಕರ್, ರಗ್ಬಿಯಂಥ 'ಪರದೇಶಿ' ಆಟ ಆಡಿದವರನ್ನು, ನೋಡಿದವರನ್ನು ಹೊರಗಿಡುವ ನಿಷೇಧ 1971ರವರೆಗೂ ಇತ್ತು. ಐರ್ಲೆಂಡಿನ ಅಧ್ಯಕ್ಷರಾಗಿ 1938ರಲ್ಲಿ ಸಾಕರ್ ಪಂದ್ಯಕ್ಕೆ ಹೋದ ತಪ್ಪಿಗೆ, ಅದೇ ಡಗ್ಲಸ್ ಹೈಡ್ ಅವರನ್ನು ಸಂಸ್ಥೆ ತನ್ನ ಪೋಷಕ ಸ್ಥಾನದಿಂದ ಕಿತ್ತುಹಾಕಿತು. ಐರಿಷ್ ಭಾಷೆಗಾಗಿ ಜೀವ ತೇಯ್ದವರನ್ನು ಹೊರಗಟ್ಟಿದ ಆ ನಿಷೇಧದಿಂದ ಒಬ್ಬನಿಗಾದರೂ ಐರಿಷ್ ಬಂದಿರಲಾರದು. ಹೆಸರಿನ ನಿಯಮಕ್ಕೂ ಇದೇ ಅಪಾಯವಿದೆ. ಪಟ್ಟಿಯಲ್ಲಿ ಬರೆದು ಮಡಚಿಟ್ಟ ಹೆಸರು ಬರೀ ದಾಖಲೆ. ಅಂಗಳದಲ್ಲಿ ಜತೆಗಾರ ಕೂಗಿ ಕರೆದಾಗಲೇ ಅದಕ್ಕೆ ಜೀವ. ಪೋಲೆಂಡಿನಿಂದಲೋ ನೈಜೀರಿಯದಿಂದಲೋ ಬಂದವರ ಮಕ್ಕಳ ಹೆಸರನ್ನು ಐರಿಷ್ ಅಚ್ಚಿಗೆ ಒತ್ತುವುದೂ ಬೇಡ. ಹೆಸರು ಕಳೆದುಕೊಂಡ ನೋವು ತಿಳಿದವರು ಮತ್ತೊಬ್ಬರ ಹೆಸರನ್ನು ತಿದ್ದಬಾರದು.

ದಾರಿ ಹೊಸದಾಗಿ ಹುಡುಕಬೇಕಿಲ್ಲ. ಐರಿಷ್ ಇನ್ನೂ ಮನೆಮಾತಾಗಿರುವ ಗೇಲ್ಟಾಖ್ಟ್ ಪ್ರದೇಶಗಳ ಕ್ಲಬ್ಬುಗಳು 1969ರಿಂದ ತಮ್ಮದೇ ಫುಟ್‌ಬಾಲ್ ಪಂದ್ಯಾವಳಿ ನಡೆಸುತ್ತಿವೆ. ಅಲ್ಲಿ ಆಟದ ಭಾಷೆಯೂ ಐರಿಷ್. 1996ರಲ್ಲಿ ಆರಂಭವಾದ ಟಿಜಿ4 ವಾಹಿನಿಯ ಐರಿಷ್ ವೀಕ್ಷಕ ವಿವರಣೆಯನ್ನು ಇಂಗ್ಲಿಷ್ ಮನೆಮಾತಿನವರೂ ಕೇಳುತ್ತಾರೆ. ಇವೆರಡೂ ದಂಡದಿಂದಲ್ಲ, ಬಳಕೆಯಿಂದ ಭಾಷೆಯನ್ನು ಹಬ್ಬಿಸಿದವು. ಈ ಮಾದರಿ ಪ್ರತಿ ಊರಿನ ಮಕ್ಕಳ ತರಬೇತಿಗೂ ಬರಬೇಕು: 'ಪಾಸ್ ಕೊಡು', 'ಹಿಂದೆ ಬಾ', 'ಭಲೇ' ಎಂಬ ಮಾತುಗಳು ಆರು ವರ್ಷದ ಮಗುವಿನ ಕಿವಿಗೆ ಐರಿಷ್‌ನಲ್ಲೇ ಬೀಳಬೇಕು. ಆಟವನ್ನು ಜಿಎಎ ಉಳಿಸಿದೆ, ಹೆಸರನ್ನು ಅರ್ಧ ಉಳಿಸಿದೆ, ಭಾಷೆಗೆ ಇನ್ನೂ ಸಾಲಗಾರನಾಗಿಯೇ ಇದೆ. ಆ ಸಾಲ ತೀರಿಸುವ ಶಕ್ತಿ ಐರ್ಲೆಂಡಿನಲ್ಲಿ ಅದಕ್ಕಿರುವಷ್ಟು ಬೇರೆ ಯಾವ ಸಂಘಕ್ಕೂ ಇಲ್ಲ.